ಮಿದುಳಿನ ಗಡ್ಡೆಗೆ ವಿಕಿರಣ: ಮೂವತ್ತು ದಿನವೋ, ಹದಿನೈದೋ?

ಸೂಳೆಕೆರೆ ಸುತ್ತಿನ ಹಳ್ಳಿಗಳಿಂದ ಮಿದುಳಿನ ಕ್ಯಾನ್ಸರ್ ರೋಗಿಯನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ಯುವವರು ‘ಯಾವ ಮಷೀನು ಒಳ್ಳೇದು?’ ಎಂದು ವಿಚಾರಿಸುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದದ್ದು: ಎಷ್ಟು ದಿನ ಕೊಡುತ್ತೀರಿ, ಯಾಕೆ ಅಷ್ಟು ದಿನ?

ದೊಡ್ಡವರ ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚು ಕಾಣುವುದು ಗ್ಲಿಯೊಬ್ಲಾಸ್ಟೊಮಾ. ಗರಿಕೆ ಬೇರಿನಂತೆ ಅದರ ಜೀವಕೋಶಗಳು ಸ್ಕ್ಯಾನಿನಲ್ಲಿ ಕಾಣುವ ಅಂಚಿನಾಚೆಗೂ ಹರಿದಿರುತ್ತವೆ. ಆದ್ದರಿಂದಲೇ ಆಪರೇಷನ್ ಆದಮೇಲೂ ಆ ಜಾಗಕ್ಕೆ, ಸುತ್ತಲ ಒಂದೂವರೆ–ಎರಡು ಸೆಂ.ಮೀ. ಸೇರಿಸಿ, ವಿಕಿರಣ ಕೊಡಬೇಕಾಗುತ್ತದೆ. ಒಂದು ಚುಕ್ಕಿಗೆ ಗುರಿಯಿಡುವ ಗಾಮಾ ನೈಫ್ ಇದಕ್ಕೆ ಮೊದಲ ಚಿಕಿತ್ಸೆಯಲ್ಲ. ಚೆನ್ನೈನಲ್ಲಿರುವ ಪ್ರೋಟಾನ್ ಯಂತ್ರ ಮಕ್ಕಳ ಕೆಲವು ಗಡ್ಡೆಗಳಿಗೆ ನಿಜಕ್ಕೂ ಉಪಕಾರಿ. ಗ್ಲಿಯೊಬ್ಲಾಸ್ಟೊಮಾ ರೋಗಿಯ ಆಯುಷ್ಯವನ್ನು ಅದು ಹೆಚ್ಚಿಸುತ್ತದೆಂದು ಸಾಬೀತಾಗಿಲ್ಲ. ಅಡಿಕೆ ತೋಟ ಅಡವಿಡುವ ಮುನ್ನ ಇದು ಗೊತ್ತಿರಲಿ. ಸಾಮಾನ್ಯ ವಿಕಿರಣ ಯಂತ್ರವಾದ ಲೀನಿಯರ್ ಆಕ್ಸಿಲರೇಟರ್‌ನಲ್ಲಿ ಚೆನ್ನಾಗಿ ಯೋಜಿಸಿದ ಚಿಕಿತ್ಸೆ ಸಾಕು.

ಇನ್ನು ದಿನಗಳ ಲೆಕ್ಕ. ಗಟ್ಟಿಯಿರುವ ರೋಗಿಗೆ 60 ಗ್ರೇ (ವಿಕಿರಣದ ಅಳತೆ) ವಿಕಿರಣವನ್ನು 30 ಕಂತುಗಳಲ್ಲಿ, ಆರು ವಾರ ಕೊಡುತ್ತಾರೆ; ಜೊತೆಗೆ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಔಷಧದ ಕ್ಯಾಪ್ಸೂಲ್. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರೀ ವಿಕಿರಣ ಪಡೆದವರಲ್ಲಿ ಎರಡು ವರ್ಷ ದಾಟಿದವರು ನೂರಕ್ಕೆ ಸುಮಾರು 10; ಕ್ಯಾಪ್ಸೂಲ್ ಸೇರಿದಾಗ ಸುಮಾರು 26. ದೂರದ ಓಡಾಟ ಕಷ್ಟವೆಂದು ಈ ಆರು ವಾರವನ್ನು ಅರ್ಧಕ್ಕೆ ನಿಲ್ಲಿಸಬಾರದು.

ಹಿರಿಯರ ಮಾತು ಬೇರೆ. 60 ದಾಟಿದವರಲ್ಲಿ ಆರು ವಾರದ ಚಿಕಿತ್ಸೆಯನ್ನೂ ಮೂರು ವಾರದ್ದನ್ನೂ (40 ಗ್ರೇ, 15 ಕಂತು) ಹೋಲಿಸಿದ 2004ರ ಅಧ್ಯಯನದಲ್ಲಿ ಬದುಕಿನ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂರು ವಾರದ ವಿಕಿರಣಕ್ಕೆ ಕ್ಯಾಪ್ಸೂಲ್ ಸೇರಿಸಿದರೆ 65 ದಾಟಿದವರಿಗೂ ಲಾಭವೆಂದು 2017ರಲ್ಲಿ ತಿಳಿಯಿತು. ತೀರಾ ನಿಶ್ಶಕ್ತರಿಗೆ ಐದೇ ಕಂತಿನ ದಾರಿಯೂ ಇದೆ. ಜಗಳೂರಿನ ಅಜ್ಜನಿಗೆ ಡಾಕ್ಟರು ಮೂರು ವಾರ ಸಾಕೆಂದರೆ ಕೈಬಿಟ್ಟರೆಂದು ತಿಳಿಯಬೇಡಿ. ಉಳಿದ ಮೂರು ವಾರ ಅವರು ಮನೆಯಲ್ಲಿ, ತಮ್ಮವರ ನಡುವೆ ಇರಬಹುದು.

ವಿಕಿರಣ ಕೊಡುವಾಗ ತಲೆ ಅಲುಗದಂತೆ ಮುಖದ ಅಚ್ಚಿನ ಮಾಸ್ಕ್ ಹಾಕುತ್ತಾರೆ. ಕೆಲವೇ ನಿಮಿಷ, ನೋವಿಲ್ಲ. ರೋಗಿಯ ಮೈಯಿಂದ ವಿಕಿರಣ ಹೊರಸೂಸುವುದಿಲ್ಲ, ಮೊಮ್ಮಕ್ಕಳು ಪಕ್ಕದಲ್ಲೇ ಮಲಗಬಹುದು. ಶನಿವಾರ, ಭಾನುವಾರ ವಿಕಿರಣಕ್ಕೆ ರಜೆಯಿದ್ದರೂ ಕ್ಯಾಪ್ಸೂಲಿಗೆ ಸಾಮಾನ್ಯವಾಗಿ ರಜೆಯಿಲ್ಲ. ಊತ ಇಳಿಸಲು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ತಟ್ಟನೆ ನಿಲ್ಲಿಸಬೇಡಿ.