ರೋಗಿ ದಿಂಬಿನಿಂದ ತಲೆ ಎತ್ತುತ್ತಾರೆಯೇ?

ಹತ್ತಿಗೆ ಎಣ್ಣೆ ಹೊಡೆಯುವ ಕಾಲದಲ್ಲಿ ಆದವಾನಿ, ಕೌತಾಳಂ, ಕೋಸಿಗಿ, ಹೊಳಗುಂದಿ ಕಡೆಯ ರೈತಬಾಂಧವರು ತಿಳಿದಿರಬೇಕಾದ ಮಾತೊಂದಿದೆ. ಕೀಟನಾಶಕದ ವಿಷವೇರಿ ಆಸ್ಪತ್ರೆ ಸೇರಿದವರ ಮುಂದಿನ ಸ್ಥಿತಿಯನ್ನು ಅವರ ಕತ್ತಿನ ಬಲವೇ ಮೊದಲು ತಿಳಿಸುತ್ತದೆ.

ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್ ಮುಂತಾದ ಆರ್ಗನೋಫಾಸ್ಫೇಟ್ ಔಷಧಗಳು ಬಾಯಿಂದಾಗಲಿ, ಚರ್ಮದಿಂದಾಗಲಿ ಒಳಸೇರಿದರೆ ಮೊದಲು ಕಾಣುವುದು ಬೆವರು, ಜೊಲ್ಲು, ವಾಂತಿ, ಎದೆಯಲ್ಲಿ ಕಫ. ಅಟ್ರೋಪಿನ್ ಚುಚ್ಚುಮದ್ದಿನಿಂದ ಇವು ಇಳಿಯುತ್ತವೆ. ರೋಗಿ ಮಾತಾಡುತ್ತಾರೆ, ನೀರು ಕೇಳುತ್ತಾರೆ. "ಗುಣವಾಯಿತಲ್ಲ, ಇನ್ನೇಕೆ ಖರ್ಚು?" ಎಂದು ಮನೆಯವರು ಹೊರಡಲು ಅವಸರಪಡುವುದು ಆಗಲೇ. ಅಪಾಯವಿರುವುದೂ ಆಗಲೇ! ವಿಷ ಸೇರಿದ ಒಂದರಿಂದ ನಾಲ್ಕು ದಿನಗಳೊಳಗೆ ಕೆಲವರಲ್ಲಿ ಕತ್ತು, ಹೆಗಲು, ತೊಡೆ, ಆಮೇಲೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಅಟ್ರೋಪಿನ್ ಇದನ್ನು ತಡೆಯದು. ಪುಣೆಯ ಡಾ. ಆರ್. ಎಸ್. ವಾಡಿಯಾ ಮತ್ತು ಸಂಗಡಿಗರು 1974ರಲ್ಲೇ ಇಂಥ ಸೋಲನ್ನು ವಿವರಿಸಿದ್ದರು. 1987ರಲ್ಲಿ ಶ್ರೀಲಂಕಾದ ವೈದ್ಯರು ಇದಕ್ಕೆ 'ಇಂಟರ್‌ಮೀಡಿಯೇಟ್ ಸಿಂಡ್ರೋಮ್' ಎಂದು ಹೆಸರಿಟ್ಟರು.

ಪರೀಕ್ಷೆ ಬಲು ಸರಳ. ಅಂಗಾತ ಮಲಗಿದವರಿಗೆ ದಿಂಬಿನಿಂದ ತಲೆಯೆತ್ತಿ ಹಿಡಿಯಲು ಹೇಳುತ್ತಾರೆ. ಆಗದಿದ್ದರೆ ಉಸಿರೂ ಸೋಲಬಹುದೆಂದು ವೈದ್ಯರು ವೆಂಟಿಲೇಟರ್ ಸಿದ್ಧಮಾಡಿಕೊಳ್ಳುತ್ತಾರೆ. ಸಕಾಲಕ್ಕೆ ಯಂತ್ರದ ಆಸರೆ ಸಿಕ್ಕವರಲ್ಲಿ ಬಹುಮಂದಿಗೆ ಒಂದರಿಂದ ಮೂರು ವಾರಗಳಲ್ಲಿ ಬಲ ಮರಳುತ್ತದೆ. ಆದ್ದರಿಂದ ಕರ್ನೂಲಿನಲ್ಲಿರಲಿ, ಬಳ್ಳಾರಿಯಲ್ಲಿರಲಿ, ವೈದ್ಯರು ಹೇಳುವ ಮುನ್ನ ರೋಗಿಯನ್ನು ಬಿಡಿಸಿಕೊಂಡು ಬರಬೇಡಿ. ದಾರಿಯಲ್ಲಿ ಬಸ್ಸಿನೊಳಗೆ ಉಸಿರು ಕಟ್ಟಿದರೆ ಯಾರು ಏನು ಮಾಡಿಯಾರು?

ಯಂತ್ರ ತೆಗೆದ ಮೇಲೆ ನಮ್ಮವರು ಮಾಡುವುದು ಇದಕ್ಕೆ ತೀರ ವಿರುದ್ಧ. "ಸುಸ್ತಾಗಿದ್ದಾನೆ, ಮಲಗಲಿ ಬಿಡು" ಎಂದು ವಾರಗಟ್ಟಲೆ ಮಂಚದಿಂದ ಇಳಿಸುವುದಿಲ್ಲ. ಪ್ರೀತಿಯೇನೋ ಸರಿ, ಆದರೆ ಮಲಗಿದಷ್ಟೂ ಮಾಂಸಖಂಡ ಕರಗುತ್ತದೆ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತ ವೃದ್ಧರೇ 10 ದಿನ ಮಲಗಿದ್ದಕ್ಕೆ ಕಾಲುಗಳಲ್ಲಿ ಹತ್ತಿರಹತ್ತಿರ ಒಂದು ಕಿಲೋ ಮಾಂಸ ಕಳೆದುಕೊಂಡರು. ಅದೇ ದೇಶದಲ್ಲಿ ನಾನಾ ಕಾಯಿಲೆಗಳಿಂದ ವೆಂಟಿಲೇಟರ್ ಮೇಲಿದ್ದ 104 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮೊದಲ ದಿನಗಳಿಂದಲೇ ಕೈಕಾಲು ಆಡಿಸಿ, ಕೂರಿಸಿ, ನಡೆಸಿದರು. ಮನೆಗೆ ಹೊರಡುವಾಗ ತಮ್ಮ ಸ್ನಾನ, ಬಟ್ಟೆ, ನಡಿಗೆ ತಾವೇ ನೋಡಿಕೊಳ್ಳಬಲ್ಲವರು ಇವರಲ್ಲಿ ನೂರಕ್ಕೆ 59, ಉಳಿದವರಲ್ಲಿ 35 ಮಾತ್ರ. ಇದು 2009ರ ವರದಿ.

ವೈದ್ಯರ ಒಪ್ಪಿಗೆ ಪಡೆದು ಮೊದಲು ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ. ಮರುದಿನ ಹಿಡಿದುಕೊಂಡು ನಿಲ್ಲಿಸಿ, ಆಮೇಲೆ ಬಾಗಿಲವರೆಗೆ ನಡೆಸಿ. ಏದುಸಿರು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಬರಿಯ ಗಂಜಿ ಸಾಲದು; ಬೇಳೆ, ಮೊಟ್ಟೆ, ಹಾಲು ಬೇಕು.

ಕಾಲಿಗೆ ಬಲ ಬಂತೆಂದು ಪಂಪು ಹೆಗಲಿಗೇರಿಸುವುದು ಬೇಡ. ವಿಷ ಕೆಡಿಸಿದ ಕೋಲಿನೆಸ್ಟರೇಸ್ ಎಂಬ ಕಿಣ್ವ ರಕ್ತದಲ್ಲಿ ಮತ್ತೆ ತುಂಬಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಎಣ್ಣೆ ಹೊಡೆಯುವ ಹೊಲದ ಕಡೆಗೂ ಅವರನ್ನು ಕಳಿಸಬೇಡಿ.