ಅಂಕ ಕೇಳುವ ಮುಂಚೆ ಕಲಿತದ್ದನ್ನು ಕೇಳಿ

ಬಿಳೂರ (ಜತ್ತ ತಾಲ್ಲೂಕು): ಪರೀಕ್ಷೆಯ ಫಲಿತಾಂಶ ಬಂದ ದಿನ ಗಡಿಭಾಗದ ಮನೆಗಳಲ್ಲಿ ಮೊದಲು ಕೇಳುವ ಮಾತು, ‘ಮಾರ್ಕ್ಸ್ ಎಷ್ಟ ಬಿದ್ದಾವು?’ ಅದರ ಬೆನ್ನಿಗೇ ಎರಡನೆಯದು, ‘ಬಾಜೂಮನಿ ಹುಡುಗಗ ಎಷ್ಟ ಬಿದ್ದಾವು?’

ಈ ಪ್ರಶ್ನೆಗಳ ಹಿಂದೆ ಪ್ರೀತಿ ಇದೆ, ಭಯವೂ ಇದೆ. ಕನ್ನಡ ಶಾಲೆಯ ಮಗು ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಕಲಿಯಬೇಕು. ಹತ್ತನೆಯ ತರಗತಿ ಮುಗಿದ ಮೇಲೆ ಹೆಚ್ಚಿನವರು ಮರಾಠಿ ಇಲ್ಲವೇ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಬೇಕು. ಪಾಲಕರ ಚಿಂತೆ ಸಹಜ. ಆದರೆ ಆ ಚಿಂತೆ ಮಗುವಿನ ತಲೆಯ ಮೇಲೆ ಕುಳಿತರೆ ಓದಿನ ಹುರುಪು ಹೆಚ್ಚುವುದಿಲ್ಲ.

ಬಹುಮಾನದ ಆಸೆ

‘ತೊಂಬತ್ತ ಬಿದ್ದರ ಮೊಬೈಲ್ ಕೊಡಸ್ತೀನಿ’ ಎಂಬ ಮಾತು ಎಷ್ಟೋ ಮನೆಗಳಲ್ಲಿದೆ. ಇದರ ಪರಿಣಾಮ ತಿಳಿಯಲು 1973ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ನೋಡಬೇಕು. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ‘ಚಿತ್ರ ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆ’ ಎಂದು ಮುಂಚೆಯೇ ಹೇಳಿದರು. ಇನ್ನೊಂದಕ್ಕೆ ಹೇಳದೇ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಒಂದೆರಡು ವಾರದ ನಂತರ ನೋಡಿದರೆ, ಆಸೆ ತೋರಿಸಿದ ಗುಂಪಿನ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದವರ ಅರ್ಧದಷ್ಟಿತ್ತು. ಹೇಳದೇ ಕೊಟ್ಟ ಬಹುಮಾನದಿಂದ ಕೆಡುಕಾಗಿರಲಿಲ್ಲ. ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಕೂಲಿಯ ಕೆಲಸವಾದರೆ ಮನಸ್ಸು ಹಿಂದೆ ಸರಿಯುತ್ತದೆ.

‘ಶಾಣ್ಯಾ’ ಅನ್ನುವುದೂ ಭಾರ

ಹೊಗಳಿಕೆಯಲ್ಲೂ ವ್ಯತ್ಯಾಸವಿದೆ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಐದನೆಯ ತರಗತಿಯ ಮಕ್ಕಳ ಮೇಲಿನ ಅಧ್ಯಯನ ಪ್ರಕಟಿಸಿದರು. ‘ನೀನು ಜಾಣ’ ಎಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಸುಲಭದ ಲೆಕ್ಕಗಳ ಕಡೆ ವಾಲಿದರು. ಕಠಿಣ ಪ್ರಶ್ನೆಯಲ್ಲಿ ಸೋತ ಮೇಲೆ ಅವರ ಸಾಧನೆ ಕುಸಿಯಿತು. ‘ಚೆನ್ನಾಗಿ ಪ್ರಯತ್ನ ಮಾಡಿದೆ’ ಎನ್ನಿಸಿಕೊಂಡವರು ಸೋತ ಮೇಲೂ ಸುಧಾರಿಸಿದರು. ಹಾಗಾಗಿ ‘ನೀ ಭಾಳ ಶಾಣ್ಯಾ ಅದಿ’ ಎನ್ನುವ ಬದಲು ‘ಮೂರ ಸಲ ಅಳಿಸಿ ಬರದಿ, ಬಿಡಲಿಲ್ಲ’ ಎನ್ನಿ. ಮಗು ಏನು ಮಾಡಿತು ಎಂಬುದನ್ನು ಹೆಸರಿಟ್ಟು ಹೇಳಿದರೆ ಮುಂದಿನ ಸಲ ಏನು ಮಾಡಬೇಕೆಂದು ಅದಕ್ಕೆ ತಿಳಿಯುತ್ತದೆ.

ಕನ್ನಡ ಶಾಲೆಯ ಅನುಕೂಲ

ಒಳಗಿನಿಂದ ಹುಟ್ಟುವ ಹುರುಪಿಗೆ ಮೂರು ಬೇಕು ಎಂದು ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುತ್ತಾರೆ: ತನ್ನ ಇಚ್ಛೆಗೆ ಜಾಗ, ‘ನನಗೆ ಬರುತ್ತದೆ’ ಎಂಬ ನಂಬಿಕೆ, ತನ್ನವರ ಜೊತೆಗಿನ ನಂಟು. ಕೊನೆಯ ಎರಡಕ್ಕೆ ಕನ್ನಡ ಮಾಧ್ಯಮ ದೊಡ್ಡ ಆಸರೆ. ಶಾಲೆಯಲ್ಲಿ ಕಲಿತದ್ದನ್ನು ಮಗು ಮನೆಯ ಮಾತಿನಲ್ಲೇ ಹೇಳಬಲ್ಲದು. ಸಾಲಿ ಕಲಿಯದ ಅಜ್ಜಿಯೂ ಕೇಳಿ ಪ್ರಶ್ನೆ ಹಾಕಬಲ್ಲಳು. ಇದಕ್ಕೆ ಟ್ಯೂಷನ್ನಿನ ಖರ್ಚಿಲ್ಲ.

ಮೊದಲನೆಯದು ಪಾಲಕರ ಕೈಯಲ್ಲಿದೆ. ಸಂಜೆ ಯಾವ ವಿಷಯ ಮೊದಲು ಓದಬೇಕೆಂದು ಮಗುವೇ ಆರಿಸಲಿ. ಡೇರಿಗೆ ಹಾಕಿದ ಹಾಲಿನ ವಾರದ ಲೆಕ್ಕವನ್ನು ಅದಕ್ಕೇ ಒಪ್ಪಿಸಿ. ತಪ್ಪಿದರೆ ಬೈಯದೆ ಜೊತೆಗೆ ಕುಳಿತು ಮತ್ತೆ ಮಾಡಿ. ಮರಾಠಿ, ಇಂಗ್ಲಿಷ್ ಕಲಿಕೆಯನ್ನೂ ಕೈಬಿಡಬಾರದು. ಆದರೆ ಬೇರೆ ಮಾಧ್ಯಮದ ಮಗುವಿನ ಜೊತೆ ಹೋಲಿಸದೆ, ಅದರದೇ ಹೋದ ತಿಂಗಳ ಓದಿನ ಜೊತೆ ಹೋಲಿಸಿ.

ಮುಂದಿನ ದಾರಿ ತಿಳಿದಿದ್ದರೆ ನಮ್ಮ ಭಯವೂ ಇಳಿಯುತ್ತದೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೋಲಾಪುರ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ನಿಗದಿತ ವರ್ಷ ವಾಸವಿದ್ದು ಓದಿದ, ಕನ್ನಡ ಮಾತೃಭಾಷೆಯ ಮಕ್ಕಳಿಗೆ ಕರ್ನಾಟಕದ ಸಿಇಟಿ ನಿಯಮಗಳಲ್ಲಿ ಗಡಿನಾಡ ಕನ್ನಡಿಗರೆಂಬ ಅರ್ಹತೆ ಇದೆ. ಅದಕ್ಕೆ ಬೇಕಾದ ವ್ಯಾಸಂಗದ ದಾಖಲೆಗಳನ್ನು ಈಗಿನಿಂದಲೇ ಜೋಪಾನವಾಗಿಡಿ. ಅದು ದೊಡ್ಡವರ ಕೆಲಸ. ಮಗುವಿಗೆ ಇಂದು ಸಂಜೆ ಇಷ್ಟು ಕೇಳಿದರೆ ಸಾಕು: ‘ಇವತ್ತ ಸಾಲ್ಯಾಗ ಏನ ಕಲತಿ? ನನಗೂ ತಿಳಿಸಿ ಹೇಳು.’