ಬಾಗಿಲಿಗೆ ಬರುವ ವಂಶಾವಳಿ

ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಉತ್ತರ ಕರ್ನಾಟಕದ ಹಳ್ಳಿಗಳಿಗೆ ವಂಶಾವಳಿ ಹೇಳುವ ಹೆಳವರು ಬರುತ್ತಾರೆ. ಜೂಲು ಹೊದಿಸಿ, ಕೊರಳಿಗೆ ಗಂಟೆ ಕಟ್ಟಿದ ಎತ್ತು ಬಾಗಿಲ ಮುಂದೆ ನಿಂತಿತೆಂದರೆ ಸಾಕು, ಆ ಮನೆಯ ಹಿರಿಯರ ಹೆಸರುಗಳು ಇಡೀ ಓಣಿಗೆ ಕೇಳುವಂತೆ ಮೊಳಗುತ್ತವೆ.

ಹೆಳವ ಎಂದರೆ ಕಾಲಿಲ್ಲದವನು. ತಮ್ಮ ಮೂಲಪುರುಷ ಹೆಳವನಾಗಿದ್ದ, ಅವನಿಗೆ ತಿರುಗಾಡಲು ಎತ್ತು ಕೊಟ್ಟವರು ಬಸವಣ್ಣನವರು ಎಂಬುದು ಅವರ ನಂಬಿಕೆ. ಕಾಲು ಕಾಣದಂತೆ ಬಟ್ಟೆ ಮುಚ್ಚಿಕೊಂಡು ಎತ್ತಿನ ಮೇಲೆ ಕೂರುವ ಪದ್ಧತಿ ಆ ನೆನಪಿನದೇ.

ಒಂದೊಂದು ಹೆಳವ ಮನೆತನಕ್ಕೂ ಇಂತಿಷ್ಟು ಒಕ್ಕಲು ಮನೆಗಳೆಂದು ಹಂಚಿಕೆಯಾಗಿರುತ್ತದೆ; ತಂದೆಯ ಒಕ್ಕಲು ಮಗನಿಗೆ. ವರ್ಷಗಟ್ಟಲೆ ಬಿಟ್ಟು ಬಂದರೂ ಗುರುತು ತಪ್ಪುವುದಿಲ್ಲ. ಅವರು ತರುವ ವಂಶಾವಳಿಯ ಪುಸ್ತಕಕ್ಕೆ ಪೂಜೆಯಾಗುತ್ತದೆ, ಮನೆಮಂದಿ ಸುತ್ತ ಕೂರುತ್ತಾರೆ. ಮೂಲ ಊರು ಯಾವುದು, ಬೆಡಗು ಯಾವುದು, ಅಣ್ಣತಮ್ಮಂದಿರಲ್ಲಿ ಯಾರು ಊರಲ್ಲೇ ಉಳಿದರು, ಯಾರು ಗುಳೆ ಹೋಗಿ ಎಲ್ಲಿ ನೆಲೆ ನಿಂತರು ಎಂದು ಹೆಳವರು ಓದುತ್ತಾ ಹೋಗುತ್ತಾರೆ. ಕೊನೆಗೆ ತೊಟ್ಟಿಲಲ್ಲಿರುವ ಕೂಸಿನ ಹೆಸರನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ದುಡ್ಡು ಅವರಿಗೆ ಸಿಗುವ ಕಾಣಿಕೆ. ಹಿಂದೆ ದನಕರು ಕೊಡುವವರೂ ಇದ್ದರು.

ಸರ್ಕಾರಿ ಕಾಗದಗಳಿಂದ ಇಷ್ಟು ಸಿಗುವುದಿಲ್ಲ. ಪಹಣಿ ಮಾತನಾಡುವುದು ಹೊಲದ ಬಗ್ಗೆ. ಹೊಲವಿಲ್ಲದವನ ಹೆಸರು ಅದರಲ್ಲಿ ಹೇಗೆ ಬಂದೀತು? ನಾಡಕಚೇರಿಯ ವಂಶವೃಕ್ಷ ಪತ್ರ ವಾರಸುದಾರಿಕೆಯ ಕೆಲಸಕ್ಕೆ ಬೇಕಾದಷ್ಟು ತಲೆಮಾರು ಹೇಳಿ ನಿಲ್ಲುತ್ತದೆ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದೇ 1969ರಲ್ಲಿ. 1876–78ರ ಬರದಲ್ಲಿ ಊರು ಬಿಟ್ಟ ಮುತ್ತಜ್ಜನ ತಮ್ಮನನ್ನು ಹುಡುಕುವವರಿಗೆ ಹೆಳವರ ಪುಸ್ತಕವೇ ದಾರಿ. ಊರೂರು ತಿರುಗುವ ಕೈಯಲ್ಲಿ ಬರೆದದ್ದಾದ್ದರಿಂದ ಈ ಊರಿನ ಕವಲು, ಆ ಊರಿನ ಕವಲು ಒಂದೇ ಹಾಳೆಯಲ್ಲಿ ಕೂಡುತ್ತವೆ.

ಒಂದು ಕೊರತೆ ಮಾತ್ರ ನನ್ನನ್ನು ಕಾಡುತ್ತದೆ. ಈ ಸಾಲು ಸಾಮಾನ್ಯವಾಗಿ ಗಂಡುಮಕ್ಕಳದು. ಹುಟ್ಟಿದ ಮನೆಯ ಹಾಳೆಯಲ್ಲಿ ಹೆಣ್ಣುಮಗಳು ಅಳಿಸಿಹೋಗುತ್ತಾಳೆ, ಸೇರಿದ ಮನೆಯಲ್ಲೂ ಅವಳ ತವರು ಉಳಿಯುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದ ಮೇಲೂ ಹೀಗೇ ಇರಬೇಕೆ?

ಹೆಳವರ ಮಕ್ಕಳು ಈಗ ಬೇರೆ ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ, ತಿರುಗಾಟ ಕಡಿಮೆಯಾಗುತ್ತಿದೆ. ನಿಮ್ಮ ಊರಿಗೆ ಈ ಸಲ ಬಂದರೆ ಬಾಗಿಲಿಂದಲೇ ಕಳಿಸಬೇಡಿ. ಚಾಪೆ ಹಾಸಿ ಕೂರಿಸಿ, ಪೂರ್ತಿ ಓದಿಸಿ, ಮನೆಯ ಅಜ್ಜಿಯನ್ನು ಪಕ್ಕಕ್ಕೆ ಕರೆಯಿರಿ. ಅವರಿಗೆ ನೆನಪಿರುವ ಹೆಣ್ಣುಮಕ್ಕಳ ಹೆಸರು, ಕೊಟ್ಟ ಊರು ಎಲ್ಲವನ್ನೂ ಅದೇ ಪುಸ್ತಕದಲ್ಲಿ ಬರೆಸಿ.